ಮಗಳಿಗೊಂದು ಪತ್ರ: ತಿಮಿಂಗಿಲ ಬೇಕಿದ್ದರೆ ಹಕ್ಕಿ ನೋಡು

ಪುಟ್ಟಿ,

ತಿಮಿಂಗಿಲ ತೋರಿಸುವ ದೋಣಿಗೆ ಸೀಟು ಸಿಕ್ಕಿತು ಅಂತ ನೀನು ಕಳಿಸಿದ ಮೆಸೇಜ್ ನೋಡಿ ಖುಷಿಯಾಯಿತು. ಫೋನಲ್ಲಿ ಹೇಳಹೊರಟರೆ "ಹೂಂ ಅಮ್ಮ, ಸರಿ ಅಮ್ಮ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ದೋಣಿ ಹೊರಟ ಕೂಡಲೇ ಎಲ್ಲರೂ ತಿಮಿಂಗಿಲ ಎಲ್ಲಿ, ಎಲ್ಲಿ ಅಂತ ನೀರನ್ನೇ ದಿಟ್ಟಿಸುತ್ತಾರೆ. ನೀನು ಮೊದಲು ಹಕ್ಕಿ ಹುಡುಕು. ದೂರದಲ್ಲಿ ಒಂದೇ ಕಡೆ ಹಕ್ಕಿಗಳು ಗುಂಪುಗೂಡಿ ಸುತ್ತುತ್ತಾ, ದುಬುಕ್ ದುಬುಕ್ ಅಂತ ನೀರಿಗೆ ಬೀಳುತ್ತಿದ್ದರೆ ಅಲ್ಲಿ ಮೀನಿದೆ. ಮೀನಿದ್ದಲ್ಲಿ ತಿಮಿಂಗಿಲವೂ ಇರಬಹುದು. ಹಂಪ್‌ಬ್ಯಾಕ್ ತಿಮಿಂಗಿಲಗಳು ಕೆಲವು ಕಡೆ ಮೀನಿನ ಹಿಂಡಿನ ಕೆಳಗೆ ಸುತ್ತು ಹಾಕುತ್ತಾ ಗಾಳಿಗುಳ್ಳೆ ಬಿಡುತ್ತವೆ, ಆ ಗುಳ್ಳೆಗಳೇ ಬಲೆಯಾಗಿ ಮೀನು ನಡುವೆ ಸಿಕ್ಕಿಬೀಳುತ್ತದೆ, ಆಮೇಲೆ ಬಾಯಿ ಅಗಲಿಸಿಕೊಂಡು ಕೆಳಗಿಂದ ಒಟ್ಟಿಗೇ ನುಗ್ಗುತ್ತವೆ. ಮೇಲೆ ಬಂದ ಮೀನನ್ನು ಹಕ್ಕಿ ಹೆಕ್ಕಿಕೊಳ್ಳುತ್ತದೆ. ಬಿಟ್ಟಿ ಊಟ!

ತಿಮಿಂಗಿಲ ಹತ್ತಿರ ಬಂದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಲಾರಿ ಟಯರಿನ ಗಾಳಿ ಬಿಟ್ಟ ಹಾಗೆ ಪುಸ್ಸ್ ಅಂತ ದೊಡ್ಡ ಸದ್ದು. ಅದು ಚಿತ್ರಗಳಲ್ಲಿರುವಂಥ ನೀರಿನ ಕಾರಂಜಿ ಅಲ್ಲ, ಬಿಟ್ಟ ಉಸಿರು. ಗಾಳಿ ನಿನ್ನ ಕಡೆಗೆ ಬೀಸುತ್ತಿದ್ದರೆ ಕೊಳೆತ ಮೀನಿನ ನಾತ ಮುಖಕ್ಕೆ ರಾಚುತ್ತದೆ, ಹೇಳಿರುತ್ತೇನೆ. ನಾಲ್ಕಾರು ಸಲ ಉಸಿರಾಡಿ, ಬೆನ್ನು ಬಾಗಿಸಿ, ಬಾಲ ಮೇಲೆತ್ತಿತು ಅಂದರೆ ಆಳಕ್ಕೆ ಹೋಯಿತು ಅಂತ ಲೆಕ್ಕ. ಬಾಲ ಒದ್ದ ಜಾಗದಲ್ಲಿ ಅಲೆಗಳ ನಡುವೆ ನುಣ್ಣಗಿನ ಒಂದು ವೃತ್ತ ಉಳಿಯುತ್ತದೆ, ಅದನ್ನೂ ನೋಡು. ಹಂಪ್‌ಬ್ಯಾಕ್ ಆದರೆ ಸಾಮಾನ್ಯವಾಗಿ ಕೆಲವೇ ನಿಮಿಷಕ್ಕೆ ವಾಪಸ್ ಬರುತ್ತದೆ. ಸ್ಪರ್ಮ್ ತಿಮಿಂಗಿಲ ಮುಕ್ಕಾಲು ಗಂಟೆ ಕಾಯಿಸಿದರೂ ಕಾಯಿಸೀತು.

ಅಷ್ಟು ಹೊತ್ತು ಸುಮ್ನೆ ಯಾಕೆ ಕೂರಬೇಕು, ಅಲ್ವಾ? ಹಕ್ಕಿಗಳು ಇದ್ದೇ ಇವೆ. ರೆಕ್ಕೆ ಬಡಿಯದೆ ಅಲೆಗೆ ತಾಗುವಷ್ಟು ಕೆಳಗೆ ತೇಲಿಹೋಗುವುದು ಶಿಯರ್‌ವಾಟರ್. ಸಣ್ಣದು, ಕಪ್ಪಗೆ, ನೀರಿನ ಮೇಲೆ ಕಾಲೂರಿ ತಟಪಟ ಓಡಿದಂತೆ ಹಾರಿದರೆ ಸ್ಟಾರ್ಮ್ ಪೆಟ್ರೆಲ್. ಗ್ಯಾನೆಟ್ ರೆಕ್ಕೆ ಮಡಚಿ ಮೇಲಿಂದ ನೆಟ್ಟಗೆ ಬೀಳುತ್ತದೆ. ಮುಖ, ಎದೆಯ ಚರ್ಮದಡಿ ಇರುವ ಗಾಳಿಚೀಲಗಳು ಆ ಏಟು ತಡೆಯುತ್ತವೆ. ನನ್ನ ಮೆಚ್ಚಿನದು ಆಲ್ಬಟ್ರಾಸ್. ವಾಂಡರಿಂಗ್ ಆಲ್ಬಟ್ರಾಸ್‌ನ ರೆಕ್ಕೆ ತುದಿಯಿಂದ ತುದಿಗೆ 3.5 ಮೀಟರ್‌ವರೆಗೂ ಇರುತ್ತದೆ, ಅದನ್ನು ಚಾಚಿ ಹಿಡಿಯಲು ಭುಜದಲ್ಲೇ ಒಂದು ಥರ ಬೀಗವಿದೆ, ಹಾಗಾಗಿ ತೋಳು ಸೋಲುವುದಿಲ್ಲ. ಈ ಹಕ್ಕಿಗಳು ಕುಡಿಯುವುದೂ ಸಮುದ್ರದ ನೀರನ್ನೇ. ಕಣ್ಣಿನ ಮೇಲಿರುವ ಗ್ರಂಥಿಗಳು ಹೆಚ್ಚಾದ ಉಪ್ಪನ್ನು ಬೇರ್ಪಡಿಸುತ್ತವೆ, ಅದು ಮೂಗಿನಿಂದ ತೊಟ್ಟಿಕ್ಕುತ್ತದೆ. ಪಾಪ, ಶೀತ ಆಗಿದೆ ಅನ್ನಬೇಡ! ವಿಸ್ಡಮ್ ಅನ್ನುವ ಲೇಸನ್ ಆಲ್ಬಟ್ರಾಸ್‌ಗೆ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ 1956ರಲ್ಲೇ ಕಾಲಿಗೆ ಗುರುತಿನ ಉಂಗುರ ತೊಡಿಸಿದ್ದರು, ಆ ಅಜ್ಜಿ 2024ರಲ್ಲೂ ಮೊಟ್ಟೆ ಇಟ್ಟಿದೆ.

ದೋಣಿಯವರು ತಿಮಿಂಗಿಲವನ್ನು ಅಟ್ಟಿಸಿಕೊಂಡು ಹೋದರೆ ನನಗೆ ಆಗುವುದಿಲ್ಲ. ಎಷ್ಟೋ ದೇಶಗಳಲ್ಲಿ 100 ಮೀಟರ್ ದೂರ ಇರಬೇಕು ಅಂತ ನಿಯಮವಿದೆ. ಇಂಜಿನ್ ತಣ್ಣಗಿಟ್ಟು ಕಾದರೆ ಎಷ್ಟೋ ಸಲ ಅವೇ ಬರುತ್ತವೆ. ನುಗ್ಗಿ ಅಂತ ಪಕ್ಕದವರು ಕೂಗಿದರೂ ನೀನು ದನಿಗೂಡಿಸಬೇಡ.

ವಾಂತಿ ಮಾತ್ರೆಯನ್ನು ಹತ್ತುವ ಮೊದಲೇ ನುಂಗು, ಹೊಟ್ಟೆ ತೊಳಸಲು ಶುರುವಾದ ಮೇಲೆ ತಗೊಂಡು ಪ್ರಯೋಜನ ಇಲ್ಲ. ದೋಣಿಯ ನಡುವೆ ನಿಲ್ಲು, ಆಗಾಗ ಆಕಾಶ ನೀರು ಕೂಡುವ ಗೆರೆ ನೋಡು. ಬೈನಾಕ್ಯುಲರ್ ಒಂದೇ ಸಮ ಕಣ್ಣಿಗೆ ಒತ್ತಿಕೊಂಡರೆ ತಲೆ ತಿರುಗುತ್ತದೆ.

ಫೋಟೊ ತೆಗೆಯುವುದಾದರೆ ಹಂಪ್‌ಬ್ಯಾಕ್ ಬಾಲದ ಅಡಿಭಾಗದ್ದು ತೆಗಿ. ಅಲ್ಲಿನ ಕಪ್ಪು ಬಿಳುಪು ಗುರುತು ಒಂದೊಂದು ತಿಮಿಂಗಿಲಕ್ಕೂ ಬೇರೆ, ಅದನ್ನು ನೋಡಿಯೇ ಯಾವುದು ಅಂತ ಪತ್ತೆ ಹಚ್ಚುತ್ತಾರೆ. ಹಕ್ಕಿಗಳ ಫೋಟೊ ಮಸುಕಾದರೂ ಪರವಾಗಿಲ್ಲ, ಅಳಿಸಬೇಡ, ಎಲ್ಲವನ್ನೂ ಕಳಿಸು. ಯಾವ ಹಕ್ಕಿ ಅಂತ ಆಮೇಲೆ ಜಗಳ ಆಡೋಣ.

ನಿನ್ನ
ಅಮ್ಮ