ಔಷಧಿ ಒಂದು ಸುತ್ತು ಬಿಡಬೇಡಿ, ಅಪ್ಪಯ್ಯ

ಫೀನಿಕ್ಸ್, ಅರಿಜೋನಾ

ಅಪ್ಪಯ್ಯನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಈ ಸಲ ಮಳೆ ಕಡಿಮೆ ಅಂತ ಟಿವಿಯಲ್ಲಿ ಹೇಳಿದ್ದಾರೆ, ಅಡಿಕೆಗೆ ಕೊಳೆರೋಗದ ಔಷಧಿ ಒಂದೇ ಸುತ್ತು ಸಾಕು ಅಂತ ಯೋಚನೆ ಮಾಡಿದ್ದೀರಂತೆ. ಅಮ್ಮ ಹೇಳಿದಳು. ಫೋನಿನಲ್ಲಿ ಬೇಡ ಅಂದರೆ ನೀವು ಮಾತು ಬದಲಿಸುತ್ತೀರಿ, ಅದಕ್ಕೇ ಈ ಕಾಗದ.

2019 ನೆನಪಿದೆಯಲ್ಲ? ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ವಾಡಿಕೆಯ ಶೇ. 96 ಮಳೆ ಅಂದಿತ್ತು. ಜೂನ್ ಒಣಗಿ ಹೋಯಿತು. ಆಗಸ್ಟ್‌ನಲ್ಲಿ ನೋಡಿದರೆ ಶಿವಮೊಗ್ಗದ ಬಡಾವಣೆಗಳಿಗೆ ತುಂಗೆ ನುಗ್ಗಿದ್ದಳು. ಕೊನೆಗೆ ಲೆಕ್ಕ ಶೇ. 110. 2009ರಲ್ಲಿ ಉಲ್ಟಾ, ಬಂದದ್ದು ಬರೀ 78. ಅದೂ ಇಡೀ ದೇಶದ, ನಾಲ್ಕು ತಿಂಗಳ ಅಂಕಿ. ರಾಜಸ್ಥಾನವೂ ಆಗುಂಬೆಯೂ ಅದರಲ್ಲೇ ಸೇರಿವೆ. ನಮ್ಮ ತೋಟಕ್ಕೆ ಕೊಳೆ ಬರಲು ಎರಡು ವಾರ ಬಿಡದೆ ಹಿಡಿದ ಜಡಿಮಳೆ ಸಾಕಲ್ವಾ?

ಇಲ್ಲಿಯವರದ್ದೂ ಅದೇ ಕಥೆ. ಪೆಸಿಫಿಕ್ ಸಮುದ್ರ ಎಷ್ಟು ಬಿಸಿ, ಎಷ್ಟು ತಂಪು ಅಂತ ನೋಡಿ ಮೂರು ತಿಂಗಳ ನಕ್ಷೆ ಬಿಡುತ್ತಾರೆ. ಕೆಲವು ಕಡೆ ಜಾಸ್ತಿ, ಕಡಿಮೆ, ಸಾಧಾರಣ ಮೂರಕ್ಕೂ ಸಮ ಅವಕಾಶ ಅಂತ ಬರೆದಿರುತ್ತದೆ. ಇಷ್ಟು ಹೇಳಲು ಉಪಗ್ರಹ ಬೇಕಾ! ಪಕ್ಕದ ಕ್ಯಾಲಿಫೋರ್ನಿಯಾದಲ್ಲಿ 2022ರ ಚಳಿಗಾಲಕ್ಕೆ ಲಾ ನಿನಾ, ಅಂದರೆ ಪೆಸಿಫಿಕ್ ತಂಪಾಗಿತ್ತು, ಮಳೆ ಕಡಿಮೆ ಅಂದುಕೊಂಡಿದ್ದರು. ಜನವರಿಯಿಂದ ಸುರಿದದ್ದೇ ಸುರಿದದ್ದು. ಬತ್ತಿ ಹೊಲವಾಗಿದ್ದ ತುಲಾರೆ ಕೆರೆ ಮತ್ತೆ ತುಂಬಿತು.

ನಮ್ಮ ಫೀನಿಕ್ಸ್‌ಗೆ ಆ ಭಾಗ್ಯವೂ ಇಲ್ಲ. ವರ್ಷಕ್ಕೆ ಏಳು ಇಂಚು ಮಳೆ. ಆಗುಂಬೆಗೆ ಆಷಾಢದ ಒಂದು ಜೋರು ದಿನ ಸಾಕು ಅಷ್ಟಕ್ಕೆ. ಇಲ್ಲೂ ಜೂನ್ 15ರಿಂದ ಸೆಪ್ಟೆಂಬರ್ ಕೊನೆವರೆಗೆ ಮಾನ್ಸೂನ್ ಅಂತಾರೆ, ಕೇಳಿದರೆ ನಗು ಬರುತ್ತದೆ. 2023ರ ಮಾನ್ಸೂನ್‌ನಲ್ಲಿ ಕಾಲು ಇಂಚೂ ಬೀಳಲಿಲ್ಲ. ಆ ವರ್ಷ 31 ದಿನ ಸತತ 43 ಡಿಗ್ರಿ ದಾಟಿತ್ತು. ಆದರೂ ದಿನಾ ಬೆಳಿಗ್ಗೆ ಪಕ್ಕದ ಮನೆಯವರು, ಎಂಥ ಚಂದದ ದಿನ ಅಂತಾರೆ. ಒಣ ಸೆಕೆ, ಬೆವರು ಬರಲ್ಲ ಅಂತ ಹೊಗಳಿಕೆ ಬೇರೆ. ಬೆವರು ಬರಲ್ಲ ನಿಜ, ತುಟಿ ಒಡೆದು ರಕ್ತ ಬರುತ್ತದೆ. ಕಾರಿನ ಸೀಟ್ ಬೆಲ್ಟಿನ ಕೊಕ್ಕೆ ಕೈಗೆ ಚುರ್ ಅನ್ನುತ್ತದೆ ಅಂತ ಪುಟ್ಟಿ ಅಂಗಿಯ ತುದಿಯಲ್ಲಿ ಹಿಡಿದು ಹಾಕಿಕೊಳ್ಳುತ್ತಾಳೆ. ನನಗಂತೂ ಮೋಡವಿಲ್ಲದ ಆಕಾಶ ನೋಡಿದರೆ ಬೇಜಾರು. ಅಪರೂಪಕ್ಕೆ ಮಳೆ ಬಂದರೆ ಮರುಭೂಮಿಯ ಕ್ರಿಯೊಸೋಟ್ ಪೊದೆಗಳಿಂದ ಒಂದು ಖಾರದ ಪರಿಮಳ ಏಳುತ್ತದೆ. ಅದೊಂದು ಮಾತ್ರ ನಿಮಗೂ ತೋರಿಸಬೇಕು ಅನ್ನಿಸುತ್ತದೆ.

ಹಾಗಾಗಿ ಔಷಧಿಗೆ ಮೈಲುತುತ್ತ, ಸುಣ್ಣ ಈಗಲೇ ತರಿಸಿಡಿ. ಮಳೆಗೆ ಮುಂಚೆ ಒಂದು ಸುತ್ತು, ನಲವತ್ತು ದಿನ ಕಳೆದ ಮೇಲೆ ಇನ್ನೊಂದು. ಔಷಧಿ ಹೊಡೆಯುವವರಿಗೂ ಹೇಳಿಡಿ, ಮಳೆ ಹಿಡಿದ ಮೇಲೆ ಸಿಗುವುದಿಲ್ಲ. ಯಾವತ್ತು ಬಿಡುವು ಸಿಗಬಹುದು ಅಂತ ತಿಳಿಯಲು ನಾಲ್ಕೈದು ದಿನದ ಮುನ್ಸೂಚನೆ ನೋಡಿ. ಅದನ್ನು ನಾನೂ ನಂಬುತ್ತೇನೆ. ದುಡ್ಡು ತಿಂಗಳ ಕೊನೆಗೆ ಹಾಕುತ್ತೇನೆ.

ಪುನರ್ವಸು ಮಳೆ ಹೊತ್ತಿಗೆ ಊರಿಗೆ ಬರುತ್ತೇವೆ. ಡಿಸೆಂಬರ್‌ನಲ್ಲಿ ಬಾ, ಓಡಾಡಲು ಸುಲಭ ಅಂತ ಅಮ್ಮ ಹೇಳುತ್ತಾಳೆ. ಬಿಸಿಲು ನೋಡಲು ಅಷ್ಟು ದೂರ ಬರಬೇಕಾ?

ನಿಮ್ಮ ಮಗ