ಪ್ರೂಫಿನಲ್ಲಿ ಬೆಳೆದ ಜೋಳ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಸಿಟ್ಟಿನಿಂದ ಬರೆದಿದ್ದರು. ಕನ್ನಡ ವಿಕಿಪೀಡಿಯದಲ್ಲಿ ನಮ್ಮ ಭಾಗದ ಹಿರಿಯರ ಬಗ್ಗೆ ಪುಟ ಮಾಡಿದರೆ ಅಳಿಸಿ ಹಾಕುತ್ತಾರೆ, ಇದು ಉತ್ತರ ಕರ್ನಾಟಕದ ಮೇಲಿನ ತಾತ್ಸಾರ ಅಂತ. ಆ ಸಿಟ್ಟು ನನಗೆ ಗೊತ್ತು. ನಾನು ಮಾಡಿದ್ದೂ ಒಂದು ಪುಟ ಹೋಗಿದೆ. ನಮ್ಮ ಅವ್ವನ ಅಜ್ಜ ಶ್ರೀಕೃಷ್ಣ ಪಾರಿಜಾತ ಬಯಲಾಟದ ಮೇಳ ಕಟ್ಟಿಕೊಂಡು ಊರೂರು ತಿರುಗಿದವರು. ಅವರ ಬಗ್ಗೆ ಎರಡು ರಾತ್ರಿ ಕೂತು ಬರೆದೆ. ಆಧಾರ ಕೊಡಿ ಅಂದರು. ‘ಅವ್ವ ಹೇಳಿದ್ದು’ ಎಂದು ಬರೆದೆ. ಮೂರನೇ ದಿನ ಪುಟ ಇರಲಿಲ್ಲ. ಒಂದು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ.

ಆದರೂ ಇದನ್ನು ತಾತ್ಸಾರ ಅನ್ನಲು ಈಗ ಮನಸ್ಸು ಬರುವುದಿಲ್ಲ. ಯಾಕೆ ಅಂತ ಹೇಳಲು ಅಂಗಡಿಯ ವಿಷಯಕ್ಕೆ ಬರಬೇಕು.

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಡಿಟಿಪಿ, ಝೆರಾಕ್ಸ್ ಅಂಗಡಿ ಇದೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಪುಣ್ಯತಿಥಿಗೆ ಹಂಚುವ ಸಣ್ಣ ಪುಸ್ತಕ ಎಲ್ಲ ಮಾಡಿಕೊಡುತ್ತೇನೆ. ಹೋದ ವರ್ಷ ಹಳ್ಳಿಯ ಹಿರಿಯರೊಬ್ಬರು ತಮ್ಮ ಮುತ್ಯಾನ ಮುತ್ಯಾನ, ಅಂದರೆ ಅಜ್ಜನ ಅಜ್ಜನ, ಬಗ್ಗೆ 40 ಪುಟದ ಪುಸ್ತಕ ಮಾಡಿಸಿದರು. 1876–77ರ ಬರದಲ್ಲಿ ಆ ಮುತ್ಯಾ ಮನೆಯ ಹಗೇವು (ನೆಲದೊಳಗಿನ ಕಾಳಿನ ಕಣಜ) ತೆರೆದು ಇಡೀ ಊರಿಗೆ ಜೋಳ ಹಂಚಿದರಂತೆ. ಪುಸ್ತಕ ಕೈಗೆ ಬಂದ ದಿನವೇ, ‘ಅಕ್ಕಾರ, ಇದನ್ನ ಇಟಗೊಂಡು ನಮ್ಮ ಮುತ್ಯಾನ್ನ ವಿಕಿಪೀಡಿಯಾದಾಗ ಕೂಡ್ರಸ್ರಿ’ ಅಂದರು. ನಾನು ರಾತ್ರಿ ಅಲ್ಲಿ ಬರೆಯುತ್ತೇನೆ ಅಂತ ಅವರಿಗೆ ಯಾರೋ ಹೇಳಿದ್ದರು.

ತೊಂದರೆ ಏನಪ್ಪಾ ಅಂದರೆ, ಆ ಪುಸ್ತಕ ಟೈಪ್ ಮಾಡಿದವಳೇ ನಾನು. ಮೊದಲ ಪ್ರೂಫಿನಲ್ಲಿ ಹಂಚಿದ ಜೋಳ ನೂರು ಚೀಲ ಇತ್ತು. ಎರಡನೇ ಪ್ರೂಫಿನಲ್ಲಿ ಕೆಂಪು ಪೆನ್ನಿನಲ್ಲಿ ಮುನ್ನೂರು ಆಯಿತು. ಅಚ್ಚಿಗೆ ಹೋಗುವ ಮುಂದೆ ಫೋನ್ ಮಾಡಿ ಐನೂರು ಮಾಡಿಸಿದರು. ‘ಕಾಕಾರ, ಯಾವುದು ಖರೇ?’ ಅಂತ ಕೇಳಿದೆ. ‘ಇರ್ಲಿ ಬಿಡ್ರಿ, ದೊಡ್ಡ ಮನಷ್ಯಾ ಅಂವಾ’ ಅಂದರು. ಮೂರೂ ಫೈಲು ನನ್ನ ಕಂಪ್ಯೂಟರಿನಲ್ಲಿ ಹಾಗೇ ಇವೆ. ಈ ಪುಸ್ತಕವನ್ನೇ ಆಧಾರ ಅಂತ ಕೊಟ್ಟು ನಾನೇ ಪುಟ ಬರೆದರೆ ಹ್ಯಾಗೆ? ನನ್ನ ಅವ್ವನ ಅಜ್ಜನ ಪುಟ ಯಾಕೆ ಹೋಯಿತು ಅಂತ ನನಗೆ ತಿಳಿದದ್ದು ಆವತ್ತು.

ಅಲ್ಲಿ ಕೇಳುವುದು ಇಷ್ಟೇ. ಆ ಮನುಷ್ಯನಿಗೂ ಮನೆತನಕ್ಕೂ ಸಂಬಂಧ ಇಲ್ಲದವರು, ಅವನ ಬಗ್ಗೆ ಎಲ್ಲಾದರೂ ನಾಲ್ಕು ಮಾತು ವಿವರವಾಗಿ ಬರೆದು ಅಚ್ಚು ಹಾಕಿದ್ದಾರಾ? ಎಷ್ಟು ದೊಡ್ಡವನು ಅನ್ನುವುದು ಆಮೇಲಿನ ಮಾತು. ಬಾದಾಮಿಯ ಕಪ್ಪೆ ಅರಭಟ್ಟನನ್ನೇ ನೋಡಿ. ಬಂಡೆಯ ಮೇಲೆ ಕೊರೆದ ಹತ್ತು ಸಾಲಿನ ಹಳೇ ಶಾಸನ ಬಿಟ್ಟರೆ ಆತನದು ಏನೂ ಉಳಿದಿಲ್ಲ. ಆದರೆ 1881ರಲ್ಲಿ ಶಾಸನ ವಿದ್ವಾಂಸ ಜೆ.ಎಫ್. ಫ್ಲೀಟ್ ಅದನ್ನು ಅಚ್ಚು ಹಾಕಿದಾಗಿನಿಂದ ಎಷ್ಟೋ ವಿದ್ವಾಂಸರು ಆ ಹತ್ತು ಸಾಲಿನ ಮೇಲೆ, ಅದರ ತ್ರಿಪದಿಯ ಮೇಲೆ ಬರೆದಿದ್ದಾರೆ. ಅವರ್ಯಾರೂ ಅರಭಟ್ಟನ ಮೊಮ್ಮಕ್ಕಳಲ್ಲ! ಐಹೊಳೆಯ ಶಾಸನವೊಂದು ನರಸೊಬ್ಬ ಅನ್ನುವ ಶಿಲ್ಪಿಯನ್ನು ಹೊಗಳುತ್ತದೆ, ಮನೆ ಗುಡಿ ಕಟ್ಟುವುದರಲ್ಲಿ ಅವನಂಥವರು ಜಂಬೂದ್ವೀಪದಲ್ಲೇ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ ಅಂತ. ಇಷ್ಟರಲ್ಲಿ ಒಂದು ಪುಟ ಆಗುವುದಿಲ್ಲ. ಐಹೊಳೆಯ ಪುಟದಲ್ಲಿ ಒಂದು ಸಾಲು ಕೊಟ್ಟರೆ ಸಾಕು.

ನನಗೆ ಜಾಸ್ತಿ ತಲೆ ಕೆಡಿಸಿದ್ದು ಹಲಗಲಿ. ಮುಧೋಳ ತಾಲೂಕಿನ ಊರು. 1857ರಲ್ಲಿ ಆಯುಧ ಒಪ್ಪಿಸಿ ಅಂತ ಕುಂಪಣಿ ಸರ್ಕಾರದ ಹುಕುಂ ಬಂದಾಗ ಅಲ್ಲಿನ ಬೇಡರು ತಿರುಗಿಬಿದ್ದರು. ಆ ದಂಗೆಯ ಮೇಲೆ ಕಟ್ಟಿದ ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮ ಅಂತ ನಾಲ್ಕು ಹೆಸರು ಬರುತ್ತವೆ. ನನ್ನ ಮಗಳು ಹತ್ತನೇ ತರಗತಿಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದಳು. ನಾಲ್ವರಿಗೂ ಒಂದೊಂದು ಪುಟ ಬೇಕು ಅಂತ ನಾನೇ ಹೊರಟಿದ್ದೆ. ಬರೆಯಲು ಕೂತರೆ ನಾಲ್ಕೂ ಪುಟ ಒಂದೇ ಆದವು, ಮೇಲಿನ ಹೆಸರು ಮಾತ್ರ ಬೇರೆ. ಹುಟ್ಟು, ಮನೆ, ಹೆಂಡತಿ ಮಕ್ಕಳು ಯಾವುದೂ ಲಾವಣಿಯಲ್ಲಿ ಇಲ್ಲ. ದಂಡಿನವರು ಊರು ಲೂಟಿ ಮಾಡಿ ಏನೇನು ಒಯ್ದರು ಅನ್ನುವುದು ಮಾತ್ರ ಇದೆ. ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಚರಗಿ, ಕೊನೆಗೆ ಬೀಸುಕಲ್ಲು. ಬೀಸುಕಲ್ಲನ್ನೂ ಬಿಡಲಿಲ್ಲ ನೋಡಿ. ಅದನ್ನು ಓದಿದ ಮೇಲೆ ನಾಲ್ಕು ಬಡಕಲು ಪುಟ ಕೈಬಿಟ್ಟು, ದಂಗೆಯ ಪುಟವನ್ನೇ ಗಟ್ಟಿ ಮಾಡೋಣ ಅನಿಸಿತು. ಜಡಗ ಅಲ್ಲಿ ಊರವರ ಜೊತೆ ಇರುತ್ತಾನೆ.

ಹಾಗಂತ ಈ ನಿಯಮದ ಮೇಲೆ ನನ್ನ ತಕರಾರು ಇಲ್ಲ ಅಂತಲ್ಲ. ಹಗೇವು ಇದ್ದ ಮನೆಯಲ್ಲಿ ಪುಸ್ತಕ ಮಾಡಿಸುವ ಮರಿಮಕ್ಕಳೂ ಇರುತ್ತಾರೆ. ಆ ಜೋಳ ಬೀಸಿದ ಹೆಂಗಸರ ಹೆಸರು ಯಾವ ಕಾಗದದಲ್ಲಿ ಸಿಗಬೇಕು? ಇರುವ ಕಾಗದವನ್ನಾದರೂ ನಾವು ಉಳಿಸಿಕೊಂಡಿದ್ದೇವಾ? ಆಲಮಟ್ಟಿಯ ಹಿನ್ನೀರು ಬಂತು ಅಂತ ಹಳೇ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬರುವಾಗ ಟ್ರಂಕಿನಲ್ಲಿದ್ದ ಕಾಗದವನ್ನು ತೂಕದ ಲೆಕ್ಕದಲ್ಲಿ ರದ್ದಿಗೆ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದನ್ನು ವಿಕಿಪೀಡಿಯದವರು ಅಳಿಸಿದ್ದಲ್ಲ.

ಮುತ್ಯಾನ ಪುಟ ಆಗುವುದಿಲ್ಲ ಅಂತ ಕಾಕಾ ಅವರಿಗೆ ಹೇಳಿದೆ. ಮುಖ ಸಣ್ಣದು ಮಾಡಿಕೊಂಡರು. ಜಿಲ್ಲೆಯ ವಿವರ ಸೇರಿಸಿ ಸರ್ಕಾರ ಅಚ್ಚು ಹಾಕಿಸಿದ 1884ರ ಬಿಜಾಪುರ ಗೆಜೆಟಿಯರ್ ತೆಗೆದು ಬರದ ಭಾಗ ಓದಿ ಹೇಳಿದೆ. ಬರ ಬಿದ್ದಾಗ ನಮ್ಮದು ಕಲಾದಗಿ ಜಿಲ್ಲೆ, ಆಮೇಲೆ ಅದೇ ಬಿಜಾಪುರ ಜಿಲ್ಲೆ ಆಯಿತು. ಗೆಜೆಟಿಯರಿನ ಆ ಭಾಗದಲ್ಲಿ ಅವರ ಮುತ್ಯಾನ ಹೆಸರಿಲ್ಲ. ‘ಮನ್ಯಾಗ ಹಳೇ ಕಾಗದ ಏನರೆ ಅದಾವೇನ್ರಿ?’ ಅಂತ ಕೇಳಿದೆ. ಮರುವಾರ ಕೆಂಪು ಬಟ್ಟೆಯ ಗಂಟೊಂದು ತಂದರು. ಪುಸ್ತಕ ಮಾಡಿಸುವಾಗ ಅದರ ಸುದ್ದಿಯನ್ನೇ ಎತ್ತಿರಲಿಲ್ಲ!

ಮನೆಯ ಲೆಕ್ಕದ ಹಾಳೆಗಳು. ಎಲ್ಲ ಮೋಡಿ ಲಿಪಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದದ್ದು. ಅಂಚು ಗೆದ್ದಲು ತಿಂದಿದೆ, ಮಸಿ ಕಂದಾಗಿದೆ. ಅಕ್ಷರ ನಮಗಿಬ್ಬರಿಗೂ ಬರುವುದಿಲ್ಲ. ಅಂಕಿ ಮಾತ್ರ ದೇವನಾಗರಿಯ ಹಾಗೇ ಇರುವುದರಿಂದ ಗೊತ್ತಾಗುತ್ತವೆ. ಒಂದು ಹಾಳೆಯ ತಲೆಯಲ್ಲಿ 1798 ಅಂತ ಇದೆ. ಶಕೆ 1798 ಅಂದರೆ ಅದೇ ಬರದ ವರ್ಷ. ಕೆಳಗೆ ಉದ್ದಕ್ಕೆ ಹೆಸರಿನಂಥ ಸಾಲುಗಳು, ಕೊನೆಯಲ್ಲಿ 40. ಚೀಲವೋ, ರೂಪಾಯಿಯೋ, ಬಡ್ಡಿಗೆ ಇಸಕೊಂಡವರ ಲೆಕ್ಕವೋ ಯಾರಿಗೆ ಗೊತ್ತು. ಬಡ್ಡಿಯದ್ದೇ ಆದರೆ ಏನು ಮಾಡ್ತೀರಿ ಅಂತ ಕೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ನೆ ಕೂತು, ‘ಓದಸ್ರಿ, ನೋಡೂನು’ ಅಂದರು.

ಪ್ರತಿ ಭಾನುವಾರ ಹಾಳೆ ಬಿಡಿಸಿ ಫೋಟೋ ತೆಗೆಯುತ್ತಿದ್ದೇವೆ. ಅರ್ಧ ಗಂಟು ಮುಗಿದಿದೆ. ನಿಮ್ಮ ಓದುಗರಲ್ಲಿ ಮೋಡಿ ಓದಬಲ್ಲವರು ಯಾರಾದರೂ ಇದ್ದರೆ ನಿಮ್ಮ ಕಚೇರಿಗೆ ಒಂದು ಕಾರ್ಡು ಬರೆಯಲಿ. ಆ ಮನೆತನದ ನಂಟರು ಮಾತ್ರ ಬೇಡ.

– ಡಿಟಿಪಿ ಅಂಗಡಿಯವಳು, ನವನಗರ, ಬಾಗಲಕೋಟೆ