ಬೆಂಕಿ ಬಿದ್ದ ಮೇಲೇ ಮೊಳೆಯೋ ಜೆರೇನಿಯಂ

ಸಂಪಾದಕರೇ,

ಬೇಸಿಗೆ ಬಂತು ಅಂದ್ರೆ ನಿಮ್ಮ ಪೇಪರ್‌ನಲ್ಲಿ ಕಾಡ್ಗಿಚ್ಚಿನ ಸುದ್ದಿ ಇದ್ದೇ ಇರುತ್ತೆ, ಎಷ್ಟು ಎಕರೆ ಸುಡ್ತು, ಯಾರು ಹಚ್ಚಿದ್ರು, ಅಷ್ಟೇ. ಸುಟ್ಟ ಜಾಗದಲ್ಲಿ ಮುಂದಿನ ವರ್ಷ ಏನು ಹುಟ್ತು ಅಂತ ಮಾತ್ರ ಯಾರೂ ಬರೆಯಲ್ಲ. ನಾನಿರೋದು ಸ್ವೀಡನ್‌ನ ವೆಸ್ಟೆರೋಸ್‌ನಲ್ಲಿ, ಇಲ್ಲಿನ ಒಂದು ಕಾಡುಗಿಡದ ವಿಷ್ಯ ಕೇಳಿ.

2014ರ ಜುಲೈ 31ಕ್ಕೆ ನಮ್ಮ ವೆಸ್ಟ್‌ಮನ್‌ಲ್ಯಾಂಡ್ ಕಡೆ ಒಂದು ಫಾರೆಸ್ಟ್ರಿ ಮಷೀನಿನಿಂದ ಕಿಡಿ ಹತ್ತಿ 13 ಸಾವಿರ ಹೆಕ್ಟೇರ್‌ಗೂ ಜಾಸ್ತಿ ಸುಟ್ಟೋಯ್ತು, ಒಬ್ರು ಸತ್ರು, ಇಟಲಿ ಫ್ರಾನ್ಸ್‌ನಿಂದ ವಿಮಾನ ತರಿಸಿ ನೀರು ಸುರಿದ್ರು. ಆಮೇಲಿನ ಬೇಸಿಗೆಗಳಲ್ಲಿ ಆ ಕರಿ ನೆಲದಲ್ಲಿ ನೀಲಿ ಹೂವು ಎದ್ದಿತ್ತು. ಜೆರೇನಿಯಂ ಬೊಹೆಮಿಕಂ ಅಂತ, ಒಂದೇ ವರ್ಷದ ಗಿಡ. (ಬಾಲ್ಕನಿ ಪಾಟ್‌ನಲ್ಲಿ ಇಡೋ ಕೆಂಪು ಜೆರೇನಿಯಂ ಬೇರೆ, ಅದು ಸೌತ್ ಆಫ್ರಿಕಾದ ಪೆಲಾರ್ಗೋನಿಯಂ.) ಮೈಯೆಲ್ಲಾ ರೋಮ, ಎಸಳಲ್ಲಿ ಗಾಢ ಗೆರೆಗಳು, ಕಾಯಿ ಥೇಟ್ ಕೊಕ್ಕರೆ ಕೊಕ್ಕು, ಒಣಗಿದ್ಮೇಲೆ ಕೊಕ್ಕು ಸೀಳಿ ಸುರುಳಿ ಸುತ್ಕೊಂಡು ಬೀಜ ಚಿಮ್ಮಿಸುತ್ತೆ. ಬೀಜದ ಸಿಪ್ಪೆ ಎಷ್ಟು ಗಟ್ಟಿ ಅಂದ್ರೆ ನೀರೇ ಒಳಗೆ ಹೋಗಲ್ಲ, ಬೆಂಕಿ ಬಿಸಿಗೆ ಮಾತ್ರ ಅದು ಬಿಟ್ಕೊಳ್ಳುತ್ತೆ, ಅಲ್ಲೀತನಕ ಮಣ್ಣಲ್ಲೇ ದಶಕಗಟ್ಲೆ ಬಿದ್ದಿರುತ್ತೆ. ಬೇರೆ ಗಿಡ ಮರ ಬೆಳೆದು ನೆರಳಾಯ್ತೋ, ಮತ್ತೆ ಮಾಯ.

ಹಿಂದೆ ಇಲ್ಲೂ ನಮ್ಮ ಕುಮರಿ ಬೇಸಾಯದ ಥರ ಫಿನ್‌ಲ್ಯಾಂಡಿಂದ ಬಂದೋರು ಕಾಡು ಸುಟ್ಟು ರೈ ಅನ್ನೋ ಗೋಧಿ ಥರದ ಧಾನ್ಯ ಬಿತ್ತುತ್ತಿದ್ರು, ಆಗ ಈ ಗಿಡಕ್ಕೆ ಒಳ್ಳೆ ಕಾಲ. ಬೆಂಕಿ ಆರಿಸೋದ್ರಲ್ಲಿ ಜನ ಪಳಗಿದ್ಮೇಲೆ ಅಪರೂಪ ಆಯ್ತು. ಈಗ ಸುಟ್ಟ ಜಾಗದಲ್ಲೇ ಸುಮಾರು ಅರ್ಧವನ್ನ 2015ರಲ್ಲಿ ನೇಚರ್ ರಿಸರ್ವ್ ಮಾಡಿದಾರೆ, ಬೇರೆ ಕಡೆ ಬೇಕಂತಲೇ ಹುಷಾರಾಗಿ ಕಾಡು ಸುಡ್ತಾರೆ.

ಹಾಗಂತ ಬಂಡೀಪುರಕ್ಕೆ ಬೆಂಕಿ ಹಚ್ಚಿ ಅಂತ ನಾನು ಹೇಳ್ತಿಲ್ಲ ಮಾರಾಯ್ರೇ, ಒಣಗಿದ ಲಂಟಾನ ಕಳೆಪೊದೆಗೆ ಹತ್ತೋ ಬೆಂಕಿ ಬೇರೆಯದೇ ಕಥೆ. ಆದ್ರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಗೆ ಮುಂಚೆ ಹಾಕ್ತಿದ್ದ ತರಗು ಬೆಂಕಿ ಇತ್ತಲ್ಲ, ಬರೀ ತರಗೆಲೆ ಸುಡೋದು, 1974ರಲ್ಲಿ ಅಭಯಾರಣ್ಯ ಆದ್ಮೇಲೆ ಅದೂ ನಿಂತೋಯ್ತು. ಅದು ನಿಂತಿದ್ದಕ್ಕೇ ಲಂಟಾನ ಹಬ್ಬಿತು ಅಂತ ಅವ್ರು ಹೇಳ್ತಾನೇ ಇದಾರೆ. ನಿಮ್ಮ ವರದಿಗಾರರನ್ನ ಒಂದ್ಸಲ ಅವ್ರ ಪೋಡಿಗೆ, ಅಂದ್ರೆ ಹಾಡಿಗೆ, ಕಳ್ಸಿ, ಜೊತೆಗೆ ಹೋದ ವರ್ಷ ಸುಟ್ಟ ಜಾಗದಲ್ಲಿ ಈಗ ಏನೇನು ಚಿಗುರಿದೆ ಅಂತ ಫೋಟೋ ಸಮೇತ ಹಾಕಿ.

ಒಬ್ಬ ಓದುಗ, ವೆಸ್ಟೆರೋಸ್, ಸ್ವೀಡನ್